ಹಾಸು ಮತ್ತು ಹೊಕ್ಕು: ‘ನೇಯ್’ ಎಂಬ ಕ್ರಿಯಾಪದದ ಸುತ್ತ

ಎಳೆಗಳನ್ನು ಒಂದುಗೂಡಿಸುವ ಕೆಲಸವನ್ನು ಹೇಳುವ ಕ್ರಿಯಾಪದಗಳು ಕನ್ನಡದಲ್ಲಿ ಹಲವಿವೆ. ಹೂವನ್ನು ಕಟ್ಟುತ್ತಾರೆ, ಮಣಿಯನ್ನು ಪೋಣಿಸುತ್ತಾರೆ, ಬತ್ತಿಯನ್ನು ಹೊಸೆಯುತ್ತಾರೆ, ಬುಟ್ಟಿಯನ್ನು ಹೆಣೆಯುತ್ತಾರೆ, ಅಂಗಿಯನ್ನು ಹೊಲಿಯುತ್ತಾರೆ, ಸೀರೆಯನ್ನು ನೇಯುತ್ತಾರೆ. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮಾತು ಕೆಡುತ್ತದೆ. ಮಲ್ಲಿಗೆಯನ್ನು ನೇಯ್ದರೆಂದೋ ಸೀರೆಯನ್ನು ಪೋಣಿಸಿದರೆಂದೋ ಹೇಳಿದರೆ ಅರ್ಥದ ವಿಚಾರಕ್ಕೆ ಹೋಗುವ ಮೊದಲೇ ಕಿವಿ ಅದನ್ನು ಒಪ್ಪುವುದಿಲ್ಲ. ಕಟ್ಟುವಲ್ಲಿ ಗಂಟು ಇದೆ, ಪೋಣಿಸುವಲ್ಲಿ ತೂತಿನ ಮೂಲಕ ಹಾಯುವ ಒಂದೇ ದಾರವಿದೆ, ಹೊಸೆಯುವಲ್ಲಿ ಅಂಗೈ ಅಥವಾ ತೊಡೆಯ ಮೇಲಿನ ತಿರುಚು ಇದೆ, ಹೆಣೆಯುವಲ್ಲಿ ಎಳೆಗಳು ಒಂದನ್ನೊಂದು ಮೇಲೆ ಕೆಳಗೆ ದಾಟುತ್ತವೆಯಾದರೂ ಅವುಗಳನ್ನು ಬಿಗಿದು ನಿಲ್ಲಿಸುವ ಚೌಕಟ್ಟು ಬೇಕಾಗಿಲ್ಲ. ನೇಯುವಲ್ಲಿ ಮಾತ್ರ ಆ ಚೌಕಟ್ಟು ಬೇಕೇ ಬೇಕು. ಮೊದಲು ಒಂದು ಸಾಲು ನೂಲು ಬಿಗಿಯಾಗಿ ಹಾಸಿರಬೇಕು, ಆಮೇಲೆ ಇನ್ನೊಂದು ನೂಲು ಅದರೊಳಗೆ ಹೋಗಬೇಕು. ಈ ಉಪನ್ಯಾಸದ ವಿಷಯ ಆ ಒಂದು ಕ್ರಿಯಾಪದ, ಅದು ಮಗ್ಗದಿಂದ ಇಳಿದು ಮಾತಿನೊಳಗೆ ನಡೆದ ದಾರಿ ಮತ್ತು ಆ ದಾರಿಯಲ್ಲಿ ಅದು ಕಳೆದುಕೊಂಡ ಕೆಲವು ಸೂಕ್ಷ್ಮಗಳು.

ನೇಯ್ ಅಥವಾ ನೆಯ್ ಎಂಬುದು ದ್ರಾವಿಡ ಭಾಷೆಗಳ ಹಳೆಯ ಧಾತು. ತಮಿಳಿನ ನೆಯ್, ಮಲೆಯಾಳದ ನೆಯ್ಯುಕ, ತೆಲುಗಿನ ನೇಯು ಇದೇ ಬಳಗಕ್ಕೆ ಸೇರಿದವು. ನೆಯ್ಗೆ, ನೇಯ್ಗೆ, ನೇಕಾರ, ನೇಕಾರಿಕೆ ಎಂಬ ರೂಪಗಳು ಇದರಿಂದಲೇ ಬಂದಿವೆ. ಹಳಗನ್ನಡದಲ್ಲಿ ಇದೇ ಉಚ್ಚಾರಣೆಯ ಇನ್ನೊಂದು ಪದವೂ ಇತ್ತು; ಆ ನೆಯ್ ಎಂದರೆ ಜಿಡ್ಡು, ತುಪ್ಪ. ತಮಿಳಿನಲ್ಲಿ ಇಂದಿಗೂ ತುಪ್ಪಕ್ಕೆ ನೆಯ್ ಎಂದೇ ಹೆಸರು. ಕನ್ನಡದಲ್ಲಿ ಅದು ಒಂಟಿಯಾಗಿ ಬಳಕೆ ತಪ್ಪಿಹೋಗಿ, ಎಳ್ಳಿನ ನೆಯ್ ಎಣ್ಣೆಯಾಗಿಯೂ ಬಿಳಿಯ ನೆಯ್ ಬೆಣ್ಣೆಯಾಗಿಯೂ ಉಳಿದುಕೊಂಡಿತು. ಇಂಗ್ಲಿಷಿನ ವೀವ್ ಎಂಬ ಪದದಲ್ಲಿಯೂ ಇಂತಹುದೇ ಕಾಕತಾಳೀಯವಿದೆ: ಬಟ್ಟೆ ನೇಯುವ ವೀವ್ ಬೇರೆ, ಅತ್ತಿತ್ತ ವಾಲಾಡುತ್ತಾ ಸಾಗುವ ವೀವ್ ಬೇರೆ, ಎರಡಕ್ಕೂ ಮೂಲ ಒಂದಲ್ಲ. ಒಂದೇ ಸದ್ದಿನ ಎರಡು ಪದಗಳನ್ನು ಅರ್ಥದ ಎಳೆಯಿಂದ ಕಟ್ಟಿಹಾಕುವ ಆಸೆ ನಿರುಕ್ತಕಾರರನ್ನು ಎಲ್ಲ ಕಾಲದಲ್ಲೂ ಕಾಡಿದೆ. ಅದಕ್ಕೆ ಬಲಿಯಾಗದಿರುವುದೇ ಈ ಬಗೆಯ ಅಧ್ಯಯನದ ಮೊದಲ ಶಿಸ್ತು.

ನೇಯ್ ಎಂಬುದರ ಅರ್ಥವನ್ನು ಹಿಡಿದಿಟ್ಟಿರುವ ಜೋಡಿ ಪದ ಹಾಸುಹೊಕ್ಕು. ಹಾಸು ಎಂದರೆ ಹರಡು. ಹಾಸಿಗೆ, ಹಾಸುಗಲ್ಲು ಎಂಬಲ್ಲಿಯೂ ಇರುವುದು ಇದೇ. ಮಗ್ಗದ ಉದ್ದಕ್ಕೂ ಮೊದಲೇ ಬಿಗಿದು ಹರಡಿದ ನೂಲಿಗೆ ಹಾಸು ಎಂದು ಹೆಸರು. ಹೊಗು ಎಂದರೆ ಒಳಸೇರು. ಅದರ ಭೂತಕಾಲದ ರೂಪ ಹೊಕ್ಕು. ಹಾಸಿನ ಎಳೆಗಳ ನಡುವೆ ಅಡ್ಡಲಾಗಿ ಹೋಗುವ ನೂಲು ಹೊಕ್ಕು. ಎರಡೂ ಹೆಸರುಗಳು ಕ್ರಿಯಾಪದಗಳಿಂದಲೇ ಬಂದವು ಎಂಬುದು ಗಮನಾರ್ಹ: ನೂಲಿನ ಬಣ್ಣವನ್ನಾಗಲಿ ದಪ್ಪವನ್ನಾಗಲಿ ಹೇಳದೆ, ಅದು ಮಗ್ಗದಲ್ಲಿ ಮಾಡುವ ಕೆಲಸವನ್ನಷ್ಟೇ ಇವು ಹೇಳುತ್ತವೆ. ಭಾರತದ ಬೇರೆ ಭಾಷೆಗಳೂ ಈ ಜೋಡಿಯನ್ನು ನುಡಿಗಟ್ಟಾಗಿ ಬಳಸುತ್ತವೆ. ಹಿಂದಿಯವರು ತಾನಾಬಾನಾ ಎಂದರೆ ತೆಲುಗರು ಪಡುಗು ಪೇಕ ಎನ್ನುತ್ತಾರೆ. ತಮಿಳಿನ ಊಡುಂ ಪಾವುಂ ಎಂಬ ಮಾತಿನಲ್ಲಿ ಒಳಹೋಗುವ ನೂಲು ಮೊದಲು ಬಂದು ಹರಡಿದ ನೂಲು ಆಮೇಲೆ ಬರುತ್ತದೆ. ಕನ್ನಡದ ಜೋಡಿಯಾದರೋ, ಹಿಂದಿ ತೆಲುಗಿನ ಜೋಡಿಗಳಂತೆ, ಮಗ್ಗದ ಕೆಲಸ ನಡೆಯುವ ಕ್ರಮದಲ್ಲಿಯೇ ನಿಂತಿದೆ. ಹಾಸದೆ ಹೊಗುವುದಕ್ಕೆ ಆಗುವುದಿಲ್ಲ.

ಈ ಎರಡು ನೂಲುಗಳ ಬಾಳು ಒಂದೇ ಬಗೆಯದಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪದದ ಸೂಕ್ಷ್ಮ ಇರುವುದು ಅಲ್ಲಿಯೇ. ಹಾಸಿನ ನೂಲು ಮಗ್ಗವೇರುವ ಮೊದಲೇ ಬಹಳ ದೂರ ನಡೆದು ಬಂದಿರುತ್ತದೆ. ಅದನ್ನು ಎಣಿಸಿ ಅಳೆದು, ಒಂದೇ ಉದ್ದಕ್ಕೆ ಸಾಲುಗೂಡಿಸಿ, ಹತ್ತಿಯ ನೂಲಾದರೆ ಗಂಜಿ ಕುಡಿಸಿ, ಎಳೆಗೆ ಎಳೆ ಅಂಟದಂತೆ ಕುಂಚದಿಂದ ನೀವಿ ಒಣಗಿಸುತ್ತಾರೆ. ನೇಕಾರರ ಕೇರಿಗಳಲ್ಲಿ ಬೆಳಗಿನ ತಂಪು ಹೊತ್ತಿನಲ್ಲಿ ಬೀದಿಯುದ್ದಕ್ಕೂ ನೂಲನ್ನು ಹಿಗ್ಗಿಸಿ ಕಟ್ಟಿ ಈ ಕೆಲಸ ಮಾಡುವ ರೂಢಿ ಇತ್ತು. ಬಿಸಿಲು ಏರಿದರೆ ಗಂಜಿ ಬೇಗ ಒಣಗಿ ನೂಲು ಸೆಟೆದು ಹರಿಯುತ್ತದೆ. ಗಂಜಿ ಏಕೆಂದರೆ, ಹೊಕ್ಕಿನ ನೂಲನ್ನು ಹೊತ್ತ ಲಾಳಿ ಅತ್ತಿತ್ತ ಓಡುವಷ್ಟು ಕಾಲವೂ ಎಳೆತವನ್ನು ತಡೆದುಕೊಳ್ಳಬೇಕಾದದ್ದು ಹಾಸು. ಎಳೆಗಳು ಹಾಯುವ, ಬಾಚಣಿಗೆಯಂತಹ ಅಚ್ಚಿನ ಹಲ್ಲುಗಳ ಉಜ್ಜಾಟ, ಮೆಟ್ಟುಗೋಲು ತುಳಿದಾಗಲೆಲ್ಲ ಆಗುವ ಏರಿಳಿತ, ಎಲ್ಲವೂ ಅದರ ಪಾಲಿಗೆ. ಹೊಕ್ಕಿನ ನೂಲಿಗೆ ಈ ಪಾಡಿಲ್ಲ. ಅದು ಕಂಡಿಕೆಗೆ, ಅಂದರೆ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ, ಸುತ್ತಿಕೊಂಡು ಕೂತಿದ್ದು, ಲಾಳಿ ಓಡಿದಂತೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಬಣ್ಣ ಬದಲಿಸಬೇಕೆನಿಸಿದರೆ ಕಂಡಿಕೆ ಬದಲಿಸಿದರಾಯಿತು. ಹಾಸಿನಲ್ಲಿ ಮೊದಲೇ ಮಾಡಿಕೊಂಡ ತೀರ್ಮಾನವಿದೆ, ಹೊಕ್ಕಿನಲ್ಲಿ ಆ ಹೊತ್ತಿನ ಆಯ್ಕೆಯಿದೆ. ಇವೆರಡೂ ಕೂಡಿದಾಗ ಬಟ್ಟೆ.

ಇಂದಿನ ಕನ್ನಡದಲ್ಲಿ ಹಾಸುಹೊಕ್ಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಸಂಗೀತ ಒಬ್ಬರ ಬದುಕಿನಲ್ಲಿ ಹಾಸುಹೊಕ್ಕಾಗಿತ್ತು ಎನ್ನುತ್ತಾರೆ, ಲಂಚ ಕಚೇರಿಗಳಲ್ಲಿ ಹಾಸುಹೊಕ್ಕಾಗಿದೆ ಎಂದು ಪತ್ರಿಕೆಗಳು ಬರೆಯುತ್ತವೆ. ಇಂತಹ ಕಡೆ ಅರ್ಥ ಒಂದೇ ವಸ್ತು ಎಲ್ಲೆಲ್ಲೂ ವ್ಯಾಪಿಸಿದೆ ಎಂಬುದು. ಮಗ್ಗದ ಮೇಲೆ ಈ ಮಾತಿಗೆ ಎರಡು ಬೇಕು, ಅದರಲ್ಲಿಯೂ ಬೇರೆ ಬೇರೆ ಸ್ವಭಾವದ ಎರಡು. ಆಡುಮಾತಿನಲ್ಲಿ ಆ ಎರಡುತನ ಕರಗಿ, ತುಂಬಿಕೊಂಡಿರುವಿಕೆ ಮಾತ್ರ ಉಳಿದಿದೆ. ಇದನ್ನು ತಪ್ಪು ಬಳಕೆ ಎನ್ನಲಾಗದು, ಪದಗಳು ಬದುಕುವುದೇ ಹೀಗೆ. ಆದರೆ ಎರಡು ಭಾಷೆಗಳು, ಎರಡು ಪರಂಪರೆಗಳು ಒಂದು ಊರಿನಲ್ಲಿ ಕೂಡಿ ಬಾಳಿದ ಬಗೆಯನ್ನು ಹೇಳಹೊರಟ ಬರಹಗಾರರಿಗೆ ಈ ಪದದ ಮೊದಲ ಅರ್ಥ ಕೈಗೆ ಸಿಗದೆ ಹೋಗುವುದು ನಷ್ಟವೇ ಸರಿ.

ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳಲ್ಲಿಯೂ ನೆಯ್ಗೆ ಬೇರೆ ವೇಷದಲ್ಲಿದೆ. ಓತಪ್ರೋತ ಎಂಬ ಪದ ನೇಯುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಉದ್ದಕ್ಕೂ ಅಡ್ಡಕ್ಕೂ ನೇಯ್ದುದು ಎಂಬುದು ಅದರ ಅಕ್ಷರಾರ್ಥ. ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ಗಾರ್ಗಿ ಯಾಜ್ಞವಲ್ಕ್ಯನನ್ನು ಕೇಳುವ ಪ್ರಶ್ನೆಗಳ ಬೆನ್ನೆಲುಬು ಈ ಮಾತೇ: ಇದೆಲ್ಲವೂ ನೀರಿನಲ್ಲಿ ನೇಯ್ದುಕೊಂಡಿದ್ದರೆ ನೀರು ಯಾವುದರಲ್ಲಿ ನೇಯ್ದುಕೊಂಡಿದೆ ಎಂದು ಅವಳು ಒಂದೊಂದೇ ಪದರವನ್ನು ಬಿಡಿಸುತ್ತಾ ಹೋಗುತ್ತಾಳೆ. ತಂತ್ರ ಎಂಬ ಪದದ ಪಯಣ ಇದಕ್ಕಿಂತಲೂ ದೊಡ್ಡದು. ಹಿಗ್ಗಿಸು, ಚಾಚು ಎಂಬ ಅರ್ಥದ ತನ್ ಧಾತುವಿನಿಂದ ಹುಟ್ಟಿದ ಅದು ಮೊದಲಿಗೆ ಮಗ್ಗವನ್ನು, ಹಾಸುನೂಲನ್ನು ಹೇಳುತ್ತಿತ್ತು. ಅಲ್ಲಿಂದ ವ್ಯವಸ್ಥೆ, ಶಾಸ್ತ್ರ, ಉಪಾಯ ಎಂಬ ಅರ್ಥಗಳಿಗೆ ಹಬ್ಬಿತು. ಕುತಂತ್ರ, ತಂತ್ರಜ್ಞಾನ, ತಂತ್ರಾಂಶ, ಪ್ರಜಾತಂತ್ರ ಎಂಬ ಪದಗಳನ್ನು ಆಡುವವರಿಗೆ ಮಗ್ಗದ ನೆನಪು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹೀಗಿದ್ದರೂ ತನ್ನದೇ ತಂತ್ರವುಳ್ಳವನು ಸ್ವತಂತ್ರ ಎಂಬ ಪದಚ್ಛೇದವನ್ನು ನೋಡಿದಾಗ, 1931ರಲ್ಲಿ ಕಾಂಗ್ರೆಸ್ಸು ಒಪ್ಪಿಕೊಂಡ ಬಾವುಟದ ನಡುವೆ ಚರಕ ಇದ್ದುದೂ, ಇಂದಿಗೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕೈನೂಲಿನ ಕೈಮಗ್ಗದ ಬಟ್ಟೆಯಿಂದ ರಾಷ್ಟ್ರಧ್ವಜ ಸಿದ್ಧವಾಗುವುದೂ ನೆನಪಾಗದೆ ಇರದು. ಪದದ ಹುಟ್ಟು ಅದರ ಇಂದಿನ ಅರ್ಥವನ್ನು ಕಟ್ಟಿಹಾಕುವುದಿಲ್ಲ. ಆದರೂ ಇತಿಹಾಸ ಒಮ್ಮೊಮ್ಮೆ ಪದವನ್ನು ಅದರ ಹುಟ್ಟಿದ ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಮಗ್ಗದಿಂದಲೇ ಮಾತನಾಡಿದ ಕವಿಯೊಬ್ಬ ಕನ್ನಡಕ್ಕಿದ್ದಾನೆ. ವಚನಕಾರರಲ್ಲಿ ಬಸವಣ್ಣನವರಿಗಿಂತ ಹಿಂದಿನವನೆಂದು ಬಹುಮಟ್ಟಿಗೆ ಒಪ್ಪಲಾಗಿರುವ ಜೇಡರ ದಾಸಿಮಯ್ಯ ಮುದನೂರಿನವನು. ಅವನ ಅಂಕಿತ ರಾಮನಾಥ, ಅವನ ಮಡದಿ ದುಗ್ಗಳೆ, ಅವನ ಕಾಯಕ ನೆಯ್ಗೆ. ಅವನ ಒಂದು ವಚನದಲ್ಲಿ ಉಂಕೆ, ಅಂದರೆ ಮಗ್ಗಕ್ಕೇರಿಸಲು ಅಣಿಮಾಡಿದ ಹಾಸುನೂಲು, ಲಾಳಿ, ಕಂಡಿಕೆ ಎಂಬ ಕಸುಬಿನ ಪದಗಳು ಒಂದರ ಹಿಂದೆ ಒಂದು ಬಂದು, ಕೊನೆಯಲ್ಲಿ ಈ ಸೀರೆಯನ್ನು ನೇಯ್ದವರಾರು, ನೇಕಾರನೋ ದೇವರೋ ಎಂಬ ಪ್ರಶ್ನೆ ಏಳುತ್ತದೆ. ಸೀರೆ ಎಂಬುದಕ್ಕೆ ಆ ಕಾಲದಲ್ಲಿ ಬಟ್ಟೆ ಎಂಬ ವಿಶಾಲ ಅರ್ಥವೇ ಇತ್ತು, ಹೆಂಗಸರ ಉಡುಗೆಗೆ ಮಾತ್ರ ಅದು ಸೀಮಿತವಾಗಿರಲಿಲ್ಲ. ಈ ವಚನವನ್ನು ಓದುವಾಗ ಸಾಮಾನ್ಯವಾಗಿ ಅನುಭಾವದ ಕಡೆಗೆ ಬೇಗ ಜಿಗಿದುಬಿಡುತ್ತಾರೆ. ಉಂಕೆಯೆಂದರೆ ದೇಹ, ಲಾಳಿಯೆಂದರೆ ಉಸಿರು ಎಂಬಂತೆ ಒಂದಕ್ಕೊಂದು ಸಂಕೇತ ಹಚ್ಚಿ ಮುಗಿಸುತ್ತಾರೆ. ಕಸುಬಿನ ಪದಗಳನ್ನು ಕಸುಬಿನ ಪದಗಳಾಗಿಯೇ ಮೊದಲು ಓದಿದರೆ ವಚನ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದೇ ಇಲ್ಲಿಯ ವಾದ. ನೇಯುವವನ ಕಾಲು ಕೆಳಗೆ ತುಳಿಯುತ್ತಿದೆ, ಕೈ ಲಾಳಿ ಎಸೆಯುತ್ತಿದೆ, ಕಣ್ಣು ಅಂಚಿನ ಮೇಲಿದೆ. ಎಲ್ಲವೂ ಒಂದೇ ಲಯಕ್ಕೆ ಬಿದ್ದಾಗ ಮಾಡುವವನು ಎಂಬ ಪ್ರಜ್ಞೆಯೇ ಸಡಿಲವಾಗುತ್ತದೆ. ಯಾರು ನೇಯ್ದರು ಎಂಬ ಪ್ರಶ್ನೆ ಹುಟ್ಟುವುದು ಆ ಲಯದ ಒಳಗಿನಿಂದ. ಅದನ್ನು ಕೇಳಲು ಮಗ್ಗದ ಮುಂದೆ ವರ್ಷಗಟ್ಟಲೆ ಕೂತ ಮೈ ಬೇಕು. ನೂಲುವ ಕಾಯಕದ ಕದಿರ ರೆಮ್ಮವ್ವೆಯ ಹೆಸರಿನಲ್ಲಿಯೂ ಇಂತಹುದೇ ಒಂದು ಉಪಕರಣ ನಿಂತಿದೆ. ಕದಿರು ಎಂದರೆ ರಾಟೆಯಲ್ಲಿ ನೂಲು ಸುತ್ತಿಕೊಳ್ಳುವ ಕಬ್ಬಿಣದ ಕಡ್ಡಿ. ಕದಿರು, ಉಂಕೆ, ಕಂಡಿಕೆ ಎಂಬ ಪದಗಳಿಗೆ ಸಾಹಿತ್ಯದ ಮಾನ್ಯತೆ ಸಿಕ್ಕಿದ್ದು ಇಂತಹ ಕಾಯಕಜೀವಿಗಳಿಂದ. ಅರಸರ ಶಾಸನಗಳಲ್ಲಿ ಮಗ್ಗ ಕಾಣಿಸಿಕೊಳ್ಳುವುದು ಹೆಚ್ಚಾಗಿ ಮಗ್ಗದೆರೆ ಎಂಬ ಹೆಸರಿನಲ್ಲಿ, ಮಗ್ಗದ ಮೇಲಿನ ತೆರಿಗೆಯಾಗಿ.

ದಾಸಿಮಯ್ಯನ ಹೆಸರಿನ ಜೇಡರ ಎಂಬುದು ಇನ್ನೊಂದು ದಾರಿಯನ್ನು ತೋರಿಸುತ್ತದೆ. ಜೇಡ ಎಂದರೆ ನೇಕಾರ, ಜೇಡ ಎಂದರೆ ಎಂಟು ಕಾಲಿನ ಹುಳು. ಸಂಸ್ಕೃತದ ತಂತುವಾಯ ಎಂಬ ಪದಕ್ಕೂ ಈ ಎರಡೂ ಅರ್ಥಗಳಿವೆ. ತೆಲುಗಿನಲ್ಲಿ ಸಾಲೆ ಎಂದರೆ ನೇಕಾರ, ಸಾಲೆಪುರುಗು ಎಂದರೆ ಜೇಡ. ಹೀಗೆ ಹಲವು ಭಾಷೆಗಳ ಜನ ಒಂದೇ ಹೋಲಿಕೆಯನ್ನು ಕಂಡುಕೊಂಡಿದ್ದಾರೆ. ವಾಸ್ತವವಾಗಿ ಜೇಡ ನೇಯುವುದಿಲ್ಲ. ಅದು ಆರೆಕಾಲುಗಳಂತೆ ಎಳೆಗಳನ್ನು ಚಾಚಿ, ಅವುಗಳ ಮೇಲೆ ಸುತ್ತುಸುತ್ತಾಗಿ ಮತ್ತೊಂದು ಎಳೆಯನ್ನು ಅಂಟಿಸುತ್ತಾ ಬರುತ್ತದೆ. ಮೇಲೆ ಕೆಳಗೆ ದಾಟುವ ನೆಯ್ಗೆಯ ಕ್ರಮ ಅಲ್ಲಿಲ್ಲ. ಇಂಗ್ಲಿಷಿನವರು ನೇಕಾರ ಹಕ್ಕಿ ಎಂದು ಕರೆಯುವ ಗೀಜಗ ಹುಲ್ಲಿನ ಸೀಳುಗಳನ್ನು ನಿಜವಾಗಿಯೂ ಹೆಣೆಯುತ್ತದೆ, ಗಂಟೂ ಹಾಕುತ್ತದೆ. ಅವರೇ ನೇಕಾರ ಇರುವೆ ಎನ್ನುವ, ಮಲೆನಾಡಿನವರ ಚಗಳಿಯ ರೀತಿ ಇನ್ನೂ ಬೆರಗಿನದು: ದುಡಿಯುವ ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಎಳೆದು ಹಿಡಿದರೆ, ಉಳಿದವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಒಂದು ಅಂಚಿನಿಂದ ಇನ್ನೊಂದಕ್ಕೆ ಆಡಿಸುತ್ತವೆ, ಮರಿಯ ಬಾಯಿಂದ ಹೊರಡುವ ರೇಷ್ಮೆಯ ಎಳೆ ಎಲೆಗಳನ್ನು ಬೆಸೆಯುತ್ತದೆ. ಲಾಳಿಯ ಓಡಾಟಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ಪ್ರಾಣಿಲೋಕದಲ್ಲಿ ಸಿಗುವುದು ಕಷ್ಟ. ಅದಕ್ಕೆ ಹಾಸಿಲ್ಲ ಎಂಬುದೊಂದೇ ಕೊರತೆ.

ಮಾತು ಮತ್ತು ಕತೆಯ ವಿಚಾರಕ್ಕೆ ಬಂದಾಗ ಮೊದಲಿಗೆ ಹೇಳಿದ ಕ್ರಿಯಾಪದಗಳೆಲ್ಲ ಮತ್ತೆ ಕೈಗೆ ಬರುತ್ತವೆ, ಆದರೆ ಇಲ್ಲಿ ಅವು ಬೆಲೆಕಟ್ಟುವ ಪದಗಳಾಗಿರುತ್ತವೆ. ಹಾಡು ಕಟ್ಟುವುದು ಗೌರವದ ಮಾತು, ಕತೆ ಕಟ್ಟುವುದು ಸುಳ್ಳು ಹೇಳುವುದು. ಕವನ ಹೊಸೆಯುವುದು ಎಂದರೆ ಕವಿತೆಯ ಬಗ್ಗೆ ಹಗುರಾದ ಅಭಿಪ್ರಾಯವಿದೆಯೆಂದೇ ತಿಳಿಯಬೇಕು. ಬತ್ತಿಯಂತೆ ಒಂದರ ಹಿಂದೊಂದು ಬೇಗ ಬೇಗ ತಯಾರಾದದ್ದು ಎಂಬ ಧ್ವನಿ ಅದರಲ್ಲಿದೆ. ಕಥೆ ಹೆಣೆಯುವುದರಲ್ಲಿ ಕೌಶಲದ ಮೆಚ್ಚುಗೆ ಇದೆ, ಆದರೆ ಸಂಚನ್ನೂ ಜಾಲವನ್ನೂ ಹೆಣೆಯುವುದರಿಂದ ಆ ಪದಕ್ಕೆ ಸ್ವಲ್ಪ ಕರಿನೆರಳು ತಗಲಿದೆ. ನೇಯುವುದಕ್ಕೆ ಮಾತ್ರ ಅಂತಹ ಕಳಂಕ ಹತ್ತಿಲ್ಲ. ಕಾದಂಬರಿಯನ್ನು ನೇಯ್ದಿದ್ದಾರೆ ಎಂದರೆ ಅದು ಹೊಗಳಿಕೆಯೇ. ಬಟ್ಟೆಯನ್ನು ಒಂದೇ ಗಳಿಗೆಯಲ್ಲಿ ಯಾರೂ ನೇಯಲಾರರು ಎಂಬ ತಿಳಿವಳಿಕೆ ಇದರ ಹಿಂದಿರಬೇಕು. ವಿಮರ್ಶೆಯ ಭಾಷೆಯೂ ಬಟ್ಟೆಯಂಗಡಿಯ ಭಾಷೆಗೆ ಋಣಿಯಾಗಿದೆ. ಎಳೆಗಳ ನಡುವೆ ಬೆಳಕು ತೂರುವಷ್ಟು ಸಡಿಲವಾದ ಬಟ್ಟೆಯನ್ನು ಜಾಳು ಎನ್ನುತ್ತಾರೆ; ಬರಹ ಜಾಳಾಗಿದೆ ಎಂದರೆ ಆ ಒಂದೇ ಪದದಲ್ಲಿ ತೀರ್ಪು ಮುಗಿಯುತ್ತದೆ. ವಿಷಯವನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ, ಸಿಕ್ಕು ಬಿಡಿಸುತ್ತಾರೆ, ಕೆಲಸವಿದ್ದವರು ಲಾಳಿಯಂತೆ ಓಡಾಡುತ್ತಾರೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಮನೆಮನೆಯಲ್ಲಿದೆ. ತಮಿಳಿನಲ್ಲಂತೂ ನೂಲ್ ಎಂಬ ಪದಕ್ಕೆ ದಾರ ಎಂಬ ಅರ್ಥದ ಜೊತೆಗೇ ಗ್ರಂಥ ಎಂಬ ಅರ್ಥವೂ ಇದೆ. ಸಂಸ್ಕೃತದ ಸೂತ್ರವೂ ದಾರವೇ. ನೇಯು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಟೆಕ್ಸ್ಟ್, ಟೆಕ್ಸ್‌ಟೈಲ್ ಎರಡೂ ಹುಟ್ಟಿವೆ.

ಹೊಸ ಕಾಲದ ಒಂದು ಅನುವಾದವನ್ನು ಇಲ್ಲಿ ಗಮನಿಸಬೇಕು. ಇಂಗ್ಲಿಷಿನ ನೆಟ್ ಗಂಟು ಹಾಕಿ ಮಾಡಿದ ಬಲೆ, ವೆಬ್ ನೇಯ್ದದ್ದು. ವೆಬ್ ಎಂಬ ಪದ ನೇಯು ಎಂಬ ಅರ್ಥದ ವೀವ್‌ನ ಒಡಹುಟ್ಟು. ಕನ್ನಡಕ್ಕೆ ಬರುವಾಗ ಎರಡೂ ಜಾಲವಾದವು: ಅಂತರ್ಜಾಲ, ಜಾಲತಾಣ. ಈ ಪದಗಳು ಈಗ ಚೆನ್ನಾಗಿ ಬೇರೂರಿವೆ, ಬದಲಿಸುವ ಅಗತ್ಯವಿಲ್ಲ. ಆದರೆ ಜಾಲ ಎಂಬುದು ಹಿಡಿಯುವುದಕ್ಕೆ ಬೀಸುವ ಸಾಧನ, ನೆಯ್ಗೆ ಉಡುವುದಕ್ಕೆ ಬರುವ ವಸ್ತು. ಅನುವಾದ ಈ ಎರಡನೆಯ ನೆನಪನ್ನು ಬಿಟ್ಟುಕೊಟ್ಟಿದೆ. ಕಂಪ್ಯೂಟರಿನ ಇತಿಹಾಸಕ್ಕೂ ಮಗ್ಗಕ್ಕೂ ಇರುವ ನಂಟು ಮಾತಿನದಷ್ಟೇ ಅಲ್ಲ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ, ಯಾವ ಹಾಸಿನ ಎಳೆ ಏಳಬೇಕು ಯಾವುದು ಏಳಬಾರದು ಎಂಬುದನ್ನು ರಟ್ಟಿನ ಮೇಲಿನ ತೂತುಗಳು ಹೇಳುತ್ತಿದ್ದವು. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಕಲ್ಪನೆಗೆ ಆ ರಟ್ಟುಗಳನ್ನೇ ತೆಗೆದುಕೊಂಡ. ಅಂತಹ ರಟ್ಟುಗಳ ಸರವನ್ನು ನೆತ್ತಿಯ ಮೇಲೆ ತೂಗುಹಾಕಿಕೊಂಡ ಮಗ್ಗಗಳು ಕರ್ನಾಟಕದ ರೇಷ್ಮೆ ನೇಕಾರರ ಮನೆಗಳಲ್ಲಿ ಈಗಲೂ ಸದ್ದು ಮಾಡುತ್ತಿವೆ, ಅಲ್ಲಿಯ ಮಾತಿನಲ್ಲಿ ಜಕಾರ್ಡ್ ಎಂಬುದು ಕನ್ನಡ ಪದವೇ ಆಗಿಹೋಗಿದೆ.

ನೇಯ್ ಎಂಬುದರ ಪೂರ್ಣಾರ್ಥವನ್ನು ಒಂದೇ ಕಡೆ ಕಾಣಬೇಕೆಂದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ಹತ್ತಿರದಿಂದ ನೋಡಬೇಕು. ಈ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿಯದು, ಸೆರಗು ರೇಷ್ಮೆಯದು. ಹಾಗಾಗಿ ಒಂದೇ ಸೀರೆಯಲ್ಲಿ ಎರಡು ಹಾಸುಗಳಿರುತ್ತವೆ, ಒಡಲಿನ ಹಾಸು ಮುಗಿಯುವಲ್ಲಿ ಅದರ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳೊಂದಿಗೆ ಕುಣಿಕೆ ಹಾಕಿ ಸೇರಿಸಬೇಕು. ಬೇರೆ ಕಡೆಯ ನೇಕಾರರು ಹತ್ತಾರು ಸೀರೆಗಳಿಗಾಗುವಷ್ಟು ಉದ್ದದ ಹಾಸನ್ನು ಒಮ್ಮೆಗೇ ಮಗ್ಗಕ್ಕೇರಿಸಿಕೊಳ್ಳಬಹುದಾದರೆ, ಈ ಕ್ರಮದಿಂದಾಗಿ ಇಳಕಲ್ಲಿನವರು ಆರು, ಎಂಟು ಅಥವಾ ಒಂಬತ್ತು ಗಜದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿ ಸಿದ್ಧಪಡಿಸಿಕೊಳ್ಳಬೇಕು. ಹೊಕ್ಕಿನಲ್ಲಿಯೂ ಸರಳತೆಯಿಲ್ಲ. ಎರಡು ಅಂಚುಗಳಿಗೆ ಎರಡು, ಒಡಲಿಗೆ ಒಂದು ಎಂದು ಮೂರು ಲಾಳಿಗಳು ನಡೆಯುತ್ತವೆ; ಅಂಚಿನ ನೂಲೂ ಒಡಲಿನ ನೂಲೂ ಸಂಧಿಸುವಲ್ಲಿ ಒಂದನ್ನೊಂದು ಕೊಕ್ಕೆಯಂತೆ ಹಿಡಿದುಕೊಂಡು ತಂತಮ್ಮ ದಿಕ್ಕಿಗೆ ಹಿಂತಿರುಗುತ್ತವೆ. ಇದಕ್ಕೆ ಕೊಂಡಿ ಎಂಬ ಹೆಸರಿದೆ. ಕೆಂಪು ಸೆರಗಿನ ನಡುವೆ ಬಿಳಿಯ ಪಟ್ಟಿಗಳು ಹಲ್ಲುಹಲ್ಲಾಗಿ ಏಳುವ ತೋಪು ತೆನೆಯ ವಿನ್ಯಾಸದಿಂದ ಈ ಸೀರೆಯನ್ನು ದೂರದಿಂದಲೇ ಗುರುತಿಸಬಹುದು, ಆದರೆ ಅದರ ನಿಜವಾದ ಹಿರಿಮೆ ಇರುವುದು ಕಣ್ಣಿಗೆ ಬೀಳದ ಈ ಕೂಡಿಕೆಗಳಲ್ಲಿ. ಸೀರೆಯ ಭಾಗಗಳಿಗೆ ಕನ್ನಡ ಇಟ್ಟ ಹೆಸರುಗಳೂ ಇಲ್ಲಿ ಮನಸ್ಸಿಗೆ ಬರುತ್ತವೆ. ನಡುವಿನ ಭಾಗ ಒಡಲು, ಅಂದರೆ ಮೈ, ಹೊಟ್ಟೆ. ತುದಿ ಸೆರಗು, ಕಾಡಿಗೂ ಊರಿಗೂ ಸೆರಗುಂಟು, ದಯೆ ಬೇಡುವವರು ಸೆರಗೊಡ್ಡುತ್ತಾರೆ. ಮೈಯಿಂದ ಬಟ್ಟೆಗೂ ಬಟ್ಟೆಯಿಂದ ನೆಲಕ್ಕೂ ಪದಗಳು ಹೀಗೆ ಓಡಾಡಿವೆ.

ಕಸುಬಿನೊಳಗಿನ ಎಲ್ಲ ಪದಗಳಿಗೂ ಈ ಓಡಾಟದ ಭಾಗ್ಯ ಸಿಕ್ಕಿಲ್ಲ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ದುಡಿಮೆಯಲ್ಲಿರುವವರು 35 ಲಕ್ಷಕ್ಕೂ ಹೆಚ್ಚು ಮಂದಿ. ಅವರಲ್ಲಿ ಶೇಕಡಾ 72ರಷ್ಟು ಹೆಂಗಸರು. ನೇಕಾರ ಎಂಬುದಾದರೋ ಪುಲ್ಲಿಂಗದ ಪದ. ನೂಲಿನ ಲಡಿಯನ್ನು ಬಿಡಿಸುವುದು, ಕಂಡಿಕೆ ಸುತ್ತುವುದು, ಹಾಸಿನ ಎಳೆ ಎಣಿಸುವುದು ಮುಂತಾಗಿ ಲಾಳಿ ಓಡುವುದಕ್ಕೆ ಮುಂಚಿನ ಕೆಲಸಗಳೆಲ್ಲ ಹೆಚ್ಚಾಗಿ ಮನೆಯ ಹೆಂಗಸರ ಕೈಯಲ್ಲಿರುತ್ತವೆ, ಅವುಗಳ ಹೆಸರುಗಳು ಗಾದೆಗೂ ನುಡಿಗಟ್ಟಿಗೂ ಅಷ್ಟಾಗಿ ಏರಿಲ್ಲ. ಅಂತಹ ಒಂದು ಪದ ಕೆಚ್ಚುವುದು. ಮಗ್ಗದ ಮೇಲಿನ ಹಾಸು ಮುಗಿಯುತ್ತಾ ಬಂದಾಗ ಅದನ್ನು ಪೂರ್ತಿ ಬಿಚ್ಚಿ ತೆಗೆಯುವುದಿಲ್ಲ. ಬಟ್ಟೆ ಕತ್ತರಿಸಿದ ಮೇಲೂ ಹಳೆಯ ಎಳೆಗಳ ಗೇಣುದ್ದದ ತುದಿಗಳು ಅಚ್ಚಿನ ಹಲ್ಲುಗಳೊಳಗೇ ಉಳಿದಿರುತ್ತವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ತುದಿಗೆ ಬೆರಳ ತುದಿಯಲ್ಲಿ, ಕೆಲವರು ಚಿಟಿಕೆ ಬೂದಿ ಮುಟ್ಟಿಸಿಕೊಂಡು, ತಿರುಚಿ ಸೇರಿಸಬೇಕು. ರೇಷ್ಮೆ ಸೀರೆಯ ಹಾಸಿನಲ್ಲಿ ಇಂತಹ ಎಳೆಗಳು ಸಾವಿರಾರು. ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಎಲ್ಲವನ್ನೂ ಕೆಚ್ಚಿ ಮುಗಿಸಿದ ಮೇಲೆ ಹೊಸ ಹಾಸನ್ನು ಮೆಲ್ಲಗೆ ಮುಂದಕ್ಕೆ ಎಳೆಯುತ್ತಾರೆ. ಹಳೆಯ ತುದಿಗಳು ಹೊಸ ಎಳೆಗಳನ್ನು ಅಚ್ಚಿನೊಳಗಿಂದ ಈಚೆಗೆ ಕರೆತಂದು ಬಿಟ್ಟು, ಮೊದಲ ಲಾಳಿ ಓಡುವ ಮುನ್ನವೇ ಕತ್ತರಿಗೆ ಬಿದ್ದು ಹೋಗುತ್ತವೆ.